ಗುಡ್ಡೆಯಲ್ಲಿ ಮನೆ ಇಲ್ಲ ಎಂದ ದಿನ

ನಮ್ಮ ಕಡೆ ಹಳೆಯ ಪಟ್ಟಾ ಗದ್ದೆಗಳಿಗೆ ತಾಗಿಕೊಂಡು ಸರಕಾರಿ ಗುಡ್ಡೆಗಳಿವೆ. ಅವಕ್ಕೆ ಕುಮ್ಕಿ ಎನ್ನುತ್ತೇವೆ. ನೆಲ ಸರಕಾರದ್ದು, ಅಲ್ಲಿಂದ ಸೊಪ್ಪು, ತರಗೆಲೆ, ಕಟ್ಟಿಗೆ ತರುವ ಹಕ್ಕು ಪಕ್ಕದ ಗದ್ದೆಯವರದ್ದು. ತಲೆಮಾರುಗಳಿಂದ ಹೀಗೆಯೇ ನಡೆದು ಬಂದಿದೆ. ಆ ಗುಡ್ಡೆಗಳನ್ನು ಗದ್ದೆಯವರ ಹೆಸರಿಗೇ ಮಾಡಿಕೊಡಬೇಕು, ಅದಕ್ಕಾಗಿ ವಿಧಾನಸಭೆಯಲ್ಲಿ ಒಂದು ತಿದ್ದುಪಡಿ ಮಸೂದೆ ಬರಬೇಕು ಎಂದು ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ರೈತರು ಸೇರಿ ಒಂದು ಸಮಿತಿ ಮಾಡಿಕೊಂಡಿದ್ದರು. ನನಗೆ ಅಂಥ ಜಮೀನಿಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮನೆಯಲ್ಲೂ ಗದ್ದೆಯಲ್ಲೂ ತುಳು ಮಾತನಾಡುವ ಅವರಿಗೆ ಬೆಂಗಳೂರಿನಲ್ಲಿ ವಿಷಯವನ್ನು ತಡವರಿಸದೆ ಹೇಳುವವರೊಬ್ಬರು ಬೇಕಿತ್ತು. ಕರೆದರು, ಹೋದೆ.

ಸಮಿತಿಯ ಅಧ್ಯಕ್ಷರು ನಮ್ಮೂರಿನವರೇ, ಬೆಳ್ತಂಗಡಿ ತಾಲೂಕಿನ ಒಂದು ಗುತ್ತಿನ ಮನೆಯ, ಎಂದರೆ ಊರಿನ ಹಳೆಯ ಜಮೀನ್ದಾರ ಮನೆತನದ, ಯಜಮಾನರು. ಎಪ್ಪತ್ತು ದಾಟಿದವರು. ಒಳ್ಳೆಯ ಮನುಷ್ಯ ಎಂದು ಆಗಲೂ ಅಂದುಕೊಂಡಿದ್ದೆ, ಈಗಲೂ ಹಾಗೆಯೇ ಅಂದುಕೊಂಡಿದ್ದೇನೆ. ಮೊದಲು ನಾವು ನಮ್ಮ ಶಾಸಕರ ಮನೆಗೆ ಹೋದೆವು. ಅವರು ಚಹಾ ಕೊಟ್ಟು, ತಮ್ಮನ್ನು ಒಪ್ಪಿಸಿ ಪ್ರಯೋಜನವಿಲ್ಲ, ಕರಾವಳಿಯ ನಾಲ್ಕು ಮಂದಿ ಕೈ ಎತ್ತಿದರೆ ಮಸೂದೆ ಆಗುವುದಿಲ್ಲ, ಕುಮ್ಕಿ ಎಂದರೆ ಏನೆಂದೇ ಗೊತ್ತಿಲ್ಲದವರನ್ನು ಒಪ್ಪಿಸಿ ಎಂದರು. ಅಂದಿನಿಂದ ಅದೇ ಕೆಲಸವಾಯಿತು. ಮೂಡಬಿದಿರೆಯ ಕಲ್ಯಾಣ ಮಂಟಪದಲ್ಲಿ, ಬಂಟ್ವಾಳದ ಸೊಸೈಟಿಯ ಮಹಡಿಯಲ್ಲಿ ಸಭೆಗಳು. ಬಯಲುಸೀಮೆಯ ಯಾವ ಶಾಸಕರು ಧರ್ಮಸ್ಥಳಕ್ಕೆ ಬಂದರೂ ದರ್ಶನ ಮುಗಿಸಿ ಹೊರಬರುವಾಗ ನಮ್ಮವರು ಅಲ್ಲಿ ನಿಂತಿರುತ್ತಿದ್ದರು. ಬರಿಗೈಯಲ್ಲಿ ಹೋಗುವ ಕ್ರಮ ಇಲ್ಲವಲ್ಲ, ಒಂದು ಕಟ್ಟು ಹಲಸಿನ ಹಪ್ಪಳ ಹಿಡಿದುಕೊಂಡು.

ಅಧ್ಯಕ್ಷರ ಗದ್ದೆಯ ಮೇಲಿನ ಕುಮ್ಕಿ ಗುಡ್ಡೆಯಲ್ಲಿ ಒಂದು ಸಣ್ಣ ಹಂಚಿನ ಮನೆ ಇತ್ತು. ಬೀಡಿ ಕಟ್ಟಿ ಬದುಕುವ ಒಬ್ಬಾಕೆ ಅಲ್ಲಿದ್ದರು. ಗಂಡ ತೀರಿಕೊಂಡಿದ್ದರು, ಮಗಳನ್ನು ಮೂಡಬಿದಿರೆಗೆ ಮದುವೆ ಮಾಡಿ ಕೊಟ್ಟಿದ್ದರು. ಆಕೆಯ ಅತ್ತೆ ಗುತ್ತಿನ ಮನೆಯ ಕೆಲಸಕ್ಕೆ ಬರುತ್ತಿದ್ದ ಕಾಲದಲ್ಲಿ, ಅಧ್ಯಕ್ಷರ ತಾಯಿ ಗುಡ್ಡೆಯ ಕಡೆ ಕೈ ತೋರಿಸಿ ಅಲ್ಲೇ ಒಂದು ಕಟ್ಟಿಕೊಳ್ಳಿ ಎಂದಿದ್ದರಂತೆ. ಬರೇ ಬಾಯಿಮಾತು. ಅಂಥ ಮಾತಿಗೆ ನಮ್ಮಲ್ಲಿ ಯಾರೂ ಕಾಗದ ಕೇಳುವುದಿಲ್ಲ. ಕೇಳಿದರೆ ಕೊಟ್ಟವರಿಗೆ ಅವಮಾನ. ಆದರೆ ಹಕ್ಕುಪತ್ರವಿಲ್ಲದ ಮನೆಗೆ ಪಂಚಾಯತಿನ ಅನುದಾನ ಸಿಗುವುದಿಲ್ಲ. ಆಕೆಯ ಮನೆಯ ಒಂದು ಗೋಡೆ ಕುಳಿತು, ಹಂಚಿನ ಮಾಡು ಆ ಕಡೆಗೆ ವಾಲಿತ್ತು. ತಾಲೂಕು ಕಚೇರಿಯಲ್ಲಿ ಕೇಳಿದಾಗಲೆಲ್ಲ ಅದು ಕುಮ್ಕಿ, ಕೊಡಲು ಬರುವುದಿಲ್ಲ ಎಂದು ಕಳಿಸುತ್ತಿದ್ದರು.

ಬೆಂಗಳೂರಿಗೆ ಹೋಗುವುದೆಂದಾದಾಗ ಅಧ್ಯಕ್ಷರು ಆಕೆಯನ್ನು ಕರೆದರು. "ನೀನೂ ಬಾ ಮಾರಾಯ್ತಿ. ಗುಡ್ಡೆ ನನ್ನ ಹೆಸರಿಗೆ ಆಗ್ಲಿ, ನಿನ್ನ ಮನೆ ಅಡಿಯ ಜಾಗ ನಾನೇ ಬರೆದು ಕೊಡ್ತೇನೆ." ನಾನು ಪಕ್ಕದಲ್ಲೇ ಇದ್ದೆ. ಅವರು ಹಾಗೆ ಹೇಳಿದ್ದು ಮನಸ್ಸಿನಿಂದಲೇ. ಆಕೆ ಆ ವಾರದ ಬೀಡಿಯನ್ನು ಮೊದಲೇ ಕಟ್ಟಿ ಮುಗಿಸಿ, ತಲೆಗೆ ಒಂದು ತುಂಡು ಮಲ್ಲಿಗೆ ಮುಡಿದು, ವ್ಯಾನಿನ ಹಿಂದಿನ ಸೀಟಿನಲ್ಲಿ ಹಪ್ಪಳದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಮಸೂದೆಯ ಬೇಡಿಕೆಯನ್ನು ನೋಡುತ್ತಿದ್ದ ಸದನ ಸಮಿತಿಯ ಮುಖ್ಯಸ್ಥರು ಉತ್ತರ ಕರ್ನಾಟಕದ ಕಡೆಯ ಶಾಸಕರು. ವಿಧಾನಸೌಧದ ಒಂದು ಕೋಣೆಯಲ್ಲಿ ನಮ್ಮನ್ನು ಕೂರಿಸಿಕೊಂಡರು. ಆಕೆಗೆ ಗೋಡೆಯ ಬದಿಯ ಬೆಂಚು ಸಿಕ್ಕಿತು, ನಾವೆಲ್ಲ ಮೇಜಿನ ಸುತ್ತ. ಮುಖ್ಯಸ್ಥರು ಹಪ್ಪಳದ ಕಟ್ಟನ್ನು ನೋಡಿ, "ಕುಮ್ಕಿ ಅಂದ್ರ ಇದೇನ್ರೀ?" ಎಂದರು. ಎಲ್ಲರೂ ನಕ್ಕೆವು, ಬೆಂಚಿನಲ್ಲಿದ್ದ ಆಕೆಯೂ ನಕ್ಕರು. ನಾನು ನಿಧಾನವಾಗಿ ವಿವರಿಸಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಅಷ್ಟು ಗಮನವಿಟ್ಟು ಕೇಳಿದವರು ಅಲ್ಲಿಯವರೆಗೆ ನಮಗೆ ಸಿಕ್ಕಿರಲಿಲ್ಲ. ಕೊನೆಗೆ ಅಧ್ಯಕ್ಷರ ಕಡೆ ತಿರುಗಿ ಕೇಳಿದರು.

"ಆ ಗುಡ್ಡದಾಗ ಬಡವ್ರ ಮನಿ ಏನಾರ ಅದಾವೇನ್ರೀ? ಇದ್ರ ಈಗ್ಲೇ ಹೇಳ್ರಿ. ಆ ಮಂದಿ ಸಲುವಾಗಿ ಬ್ಯಾರೆ ಕಲಮು ಸೇರಸ್ಬೇಕಾಗ್ತದ."

"ಇಲ್ಲ ಸ್ವಾಮಿ," ಎಂದರು ಅಧ್ಯಕ್ಷರು. "ಮನೆ ಯಾವುದೂ ಇಲ್ಲ. ಬರೇ ಸೊಪ್ಪಿನ ಗುಡ್ಡೆ."

ಯೋಚಿಸಿ ಹೇಳಿದ ಹಾಗೆ ಇರಲಿಲ್ಲ. ಸುಳ್ಳು ಹೇಳುವವರ ಮುಖವೂ ಅದಲ್ಲ. ನಾನು ಬೆಂಚಿನ ಕಡೆ ನೋಡಿದೆ. ಆಕೆ ಅಧ್ಯಕ್ಷರ ಬೆನ್ನನ್ನು ನೋಡುತ್ತಿದ್ದರು. ಅಷ್ಟರಲ್ಲಿ ಸದನದ ಗಂಟೆ ಹೊಡೆಯಿತು. ಮುಖ್ಯಸ್ಥರು ಎದ್ದರು, ಅವರ ಜೊತೆಗೆ ಎಲ್ಲರೂ ಎದ್ದರು, ಕುರ್ಚಿಗಳ ಸದ್ದಾಯಿತು. ಸರ್, ಒಂದು ಮನೆ ಉಂಟು, ಎಂದು ನಾನು ಹೇಳಿದೆ. ನನ್ನ ಪಕ್ಕದಲ್ಲಿದ್ದ ಬಂಟ್ವಾಳದವರು ತಮಗೆ ಅದು ಕೇಳಿಸಲಿಲ್ಲ ಎನ್ನುತ್ತಾರೆ. ಅಂದಮೇಲೆ ಬಾಗಿಲು ದಾಟುತ್ತಿದ್ದ ಮುಖ್ಯಸ್ಥರಿಗೂ ಕೇಳಿಸಿರಲಾರದು.

ಮೊಗಸಾಲೆಯಲ್ಲಿ ಅಧ್ಯಕ್ಷರನ್ನು ತಡೆದು, ಮನೆ ಇರುವುದನ್ನು ಮುಖ್ಯಸ್ಥರಿಗೆ ತಿಳಿಸಬೇಕಲ್ಲ ಎಂದೆ. ಅವರಿಗೆ ನಿಜವಾಗಿ ಆಶ್ಚರ್ಯವಾಯಿತು. "ಅವರು ಕೇಳಿದ್ದು ಅತಿಕ್ರಮಣ ಮಾಡಿದವರನ್ನಲ್ವಾ ಟೀಚರೇ? ಇವಳು ನಮ್ಮವಳು. ಇವಳನ್ನು ನಾನು ಬಿಟ್ಟು ಹಾಕ್ತೇನಾ?" ಅದನ್ನು ಕೇಳಿ ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಗುತ್ತಿನ ಮನೆಯವರು ನಮ್ಮವರು ಎಂದ ಮೇಲೆ ಅದಕ್ಕಿಂತ ದೊಡ್ಡ ಆಸರೆ ಇಲ್ಲ ಎಂಬುದು ನಮ್ಮೂರಿನ ಲೆಕ್ಕ. ಎಣಿಸಿ ಹೇಳಿ ಎಂದು ಯಾರಾದರೂ ಕೇಳಿದಾಗ ಅಂಥವರು ಎಣಿಕೆಗೆ ಬರುವುದಿಲ್ಲ ಎಂಬುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ವಾಪಸು ಬರುವಾಗ ಚಾರ್ಮಾಡಿ ಘಾಟಿಯ ಬಳಿ ಚಹಾಕ್ಕೆ ನಿಲ್ಲಿಸಿದರು. ಆಕೆ ಎಂದಿನಂತೆ ಅಧ್ಯಕ್ಷರ ಚಹಾವನ್ನು ತಾವೇ ತಂದು ಕೊಟ್ಟರು. ವ್ಯಾನು ಹೊರಟ ಮೇಲೆ ನನ್ನ ಹತ್ತಿರ ತುಳುವಿನಲ್ಲಿ ಮೆಲ್ಲಗೆ ಕೇಳಿದರು. "ಮನೆ ಉಂಟಾ ಅಂತ ತಾನೇ ಅವರು ಕೇಳಿದ್ದು?"

ಹೌದು ಎಂದೆ.

"ನಾನು ಅಲ್ಲೇ ಕೂತಿದ್ದೆ," ಎಂದರು.

ಕೆಲವು ತಿಂಗಳ ನಂತರ ನಮ್ಮ ಶಾಸಕರ ಸಹಾಯಕರು ಅಧ್ಯಕ್ಷರಿಗೆ ಫೋನು ಮಾಡಿ ಕರಡು ತಯಾರಾಗಿದೆ ಎಂದರು. ಮನೆಗಳಿಲ್ಲದ ಕುಮ್ಕಿ ಮಾತ್ರ ಗದ್ದೆಯವರಿಗೆ. ಸ್ಥಳ ನೋಡುವಾಗ ಮನೆ ಕಂಡರೆ ಆ ಗುಡ್ಡೆ ಸರಕಾರಕ್ಕೇ ಉಳಿಯುತ್ತದೆ. ಗುಡ್ಡೆಯಲ್ಲಿ ಇರುವವರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅಧ್ಯಕ್ಷರು ಇದನ್ನು ಆಕೆಗೆ ತಿಳಿಸಲಿಲ್ಲ. ಹೋಗು ಎಂದೂ ಹೇಳಲಿಲ್ಲ, ಹೇಳುವವರೂ ಅಲ್ಲ. ಆದರೆ ಊರಿನಲ್ಲಿ ಇಂಥ ಸುದ್ದಿ ಕಟ್ಟಿದ ಬೀಡಿ ಕೊಟ್ಟು ಎಲೆ ತರುವ ಬ್ರ್ಯಾಂಚಿನಲ್ಲಿ ಎಲೆ ತೂಗುವಷ್ಟರಲ್ಲಿ ಎಲ್ಲರಿಗೂ ಮುಟ್ಟುತ್ತದೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಗುಡ್ಡೆಯ ಮೇಲೆ ಹಂಚು ಇಳಿಸುವ ಸದ್ದು ಕೇಳಿಸಿತು. ನಾನು ಹತ್ತಿ ಹೋದೆ. ಆಕೆಯ ಅಳಿಯ ಪಿಕಪ್ ತಂದಿದ್ದರು. ಮಾಡಿನ ಮೇಲಿನಿಂದ ಅಳಿಯ ಕೊಟ್ಟ ಹಂಚನ್ನು ಆಕೆ ತೆಗೆದುಕೊಂಡು, ಸೆರಗಿನಲ್ಲಿ ಒರೆಸಿ, ಜೋಡಿಸುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಅಧ್ಯಕ್ಷರೂ ಏದುತ್ತಾ ಬಂದರು.

"ಎಂಥದು ಇದು? ನಿನ್ನನ್ನು ಯಾರು ಹೋಗು ಅಂದದ್ದು?"

"ಯಾರೂ ಹೇಳ್ಲಿಲ್ಲ ಧನಿ."

"ಮತ್ತೆ?"

"ಮನೆ ಇಲ್ಲ ಅಂತ ಹೇಳಿ ಆಗಿದೆ ಅಲ್ವಾ. ಧನಿಗಳ ಬಾಯಿ ಸುಳ್ಳಾಗುವುದು ಬೇಡ."

ಆಕೆಯ ದನಿಯಲ್ಲಿ ಕೋಪ ಇರಲಿಲ್ಲ. ಅದು ನಿಷ್ಠೆಯೋ, ಗುತ್ತಿನ ಮನೆಯವರಿಗೆ ಹೇಳಬಹುದಾದ ಅತ್ಯಂತ ಕಠಿಣ ಮಾತೋ, ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿಯದು. ಅಧ್ಯಕ್ಷರು ಜಗಲಿಯ ಅಂಚಿನಲ್ಲಿ ಕೂತರು. ಅಳಿಯ ಮೇಲಿನಿಂದ ಹಂಚು ಕೊಡುತ್ತಲೇ ಇದ್ದರು. ಮಧ್ಯಾಹ್ನದ ಹೊತ್ತಿಗೆ ಅಧ್ಯಕ್ಷರು ಕೂತಿದ್ದ ಜಗಲಿಗೂ ಬಿಸಿಲು ಬಂತು.

ಅದಾದ ಮೇಲೆ ಅಧ್ಯಕ್ಷರು ಒಂದು ದಿನ ನನ್ನ ಮನೆಗೆ ಬಂದು, ಇನ್ನೊಮ್ಮೆ ಬೆಂಗಳೂರಿಗೆ ಹೋಗುವ, ಗುಡ್ಡೆಯಲ್ಲಿ ಮನೆ ಉಂಟು ಅಂತ ಹೇಳಿ ಬರುವ ಎಂದರು. ಈಗ ಅಲ್ಲಿ ಮನೆ ಇಲ್ಲವಲ್ಲ ಎಂದು ನಾನು ಹೇಳಬೇಕಾಯಿತು. ಅವರು ಹೌದು ಹೌದು ಎನ್ನುತ್ತಾ ಎದ್ದು, ಚಪ್ಪಲಿ ಹಾಕಿಕೊಳ್ಳದೆ ಅಂಗಳ ದಾಟಿದರು. ಚಪ್ಪಲಿಯನ್ನು ನಾನು ಗೇಟಿನವರೆಗೆ ಒಯ್ದು ಕೊಟ್ಟೆ. ಮಸೂದೆ ಆ ಅಧಿವೇಶನದಲ್ಲಿ ಬರಲಿಲ್ಲ, ಮುಂದಿನದ್ದರಲ್ಲೂ ಬರಲಿಲ್ಲ. ಸಮಿತಿಯ ಸಭೆಗಳಿಗೆ ಅಧ್ಯಕ್ಷರು ಹೋಗುವುದನ್ನು ನಿಲ್ಲಿಸಿದರು.

ಕಳೆದ ತಿಂಗಳು ಮೂಡಬಿದಿರೆಗೆ ಹೋದಾಗ ಆಕೆಯನ್ನು ನೋಡಿ ಬಂದೆ. ಮಗಳ ಬಾಡಿಗೆ ಮನೆಯ ಹಿಂಬದಿಯ ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಊರಿನ ಸುದ್ದಿಯೆಲ್ಲ ಕೇಳಿದರು. ಧನಿಗಳ ಮೊಣಕಾಲು ನೋವು ಹೇಗುಂಟು ಎಂದು ಕೇಳಿದರು. ಆಮೇಲೆ ಕೈ ನಿಲ್ಲಿಸದೆಯೇ, "ಅದು ಪಾಸಾಯ್ತಾ ಟೀಚರೇ?" ಎಂದರು.

ಇಲ್ಲ ಎಂದೆ.

"ಹಾಗಾದ್ರೆ ಗುಡ್ಡೆ ಈಗ ಯಾರದ್ದು?"

"ಸರಕಾರದ್ದೇ."

ಆಕೆ ಕಟ್ಟುತ್ತಿದ್ದ ಬೀಡಿಯ ಬಾಯಿ ಮಡಚಿ, ನೂಲು ಸುತ್ತಿ, ಮೊರದಲ್ಲಿ ಇಟ್ಟರು. "ನಾವು ಇರುವಾಗಲೂ ಸರಕಾರದ್ದೇ ಅಲ್ವಾ," ಎಂದರು. ಮತ್ತೆ ಇನ್ನೊಂದು ಎಲೆ ತೆಗೆದುಕೊಂಡರು.