ಗೋಲ್‌ಕೀಪರನ ಪರ ನಿಂತವಳು

ನನ್ನ ತಂಗಿ ಫುಟ್‌ಬಾಲ್ ವಿಡಿಯೊ ಗೇಮ್ ತಯಾರಿಸುವ ಕಂಪನಿಯಲ್ಲಿ ಆಟಗಾರರ ದೂರುಗಳಿಗೆ ಉತ್ತರ ಬರೆಯುತ್ತಾಳೆ. ದೂರಿನ ಜೊತೆ ಬಂದ ಪಂದ್ಯದ ರೆಕಾರ್ಡಿಂಗನ್ನು ಪೂರ್ತಿ ನೋಡದೆ ಒಂದಕ್ಷರವನ್ನೂ ಬರೆಯುವವಳಲ್ಲ. ದೇವರು ಅವಳಿಗೆ ತಾಳ್ಮೆ ಕೊಟ್ಟ, ಅದಕ್ಕಿಂತ ಒಂದು ಹಿಡಿ ಹೆಚ್ಚೇ ಹಟ ಕೊಟ್ಟ.

ಗೇಮಿನೊಳಗಿನ ಗೋಲ್‌ಕೀಪರ್ ಎಲ್ಲ ಚೆಂಡನ್ನೂ ಹಿಡಿಯುತ್ತಾನೆಂದು ಒಮ್ಮೆ ಮುನ್ನೂರು ದೂರು ಬಂದವು.

"ಅವನ ಕೈ ನಿಧಾನ ಮಾಡಿಸ್ತೀವಿ, ಕ್ಷಮಿಸಿ ಅಂತ ಬರಿಯಮ್ಮಾ," ಎಂದರು ಮ್ಯಾನೇಜರ್.

"ಮುನ್ನೂರು ಪಂದ್ಯಾನೂ ನೋಡಿದೀನಿ ಸಾರ್. ಎಲ್ಲರೂ ನೇರ ಅವನ ಎದೆಗೇ ಒದೀತಾರೆ. ಹಿಡೀದೆ ದಾರಿ ಬಿಟ್ಟು ಕೈ ಮುಗೀಬೇಕಾ?"

"ಹೇಳಿದಷ್ಟು ಮಾಡು. ಇಲ್ಲದಿದ್ರೆ ಕೆಲಸ ಹೋಗುತ್ತೆ."

"ಹೋಗ್ಲಿ. ಅವನದೇನೂ ತಪ್ಪಿಲ್ಲ."

ಅವರೆದುರೇ ಕುಳಿತು ಮುನ್ನೂರು ಮಂದಿಗೂ ಬರೆದು, ಕೆಳಗೆ ತನ್ನ ಹೆಸರು ಹಾಕಿ ಕಳಿಸಿದಳು: "ಮೂಲೆಗೆ ಒದ್ದು ನೋಡಿ. ಆಗಲೂ ಹಿಡಿದರೆ ನನ್ನನ್ನು ಬೈಯಿರಿ."