ನಾನು ದೇವರಾಗಿದ್ದ ಮೂರು ಭಾನುವಾರ

ನನಗೆ ಗಾಂಜಾ ಆಗಿಬರುವುದಿಲ್ಲ ಎಂದು ತಿಳಿಯಲು ಮೂರು ಸಲ ಸೇದಬೇಕಾಯಿತು. ಮೊದಲ ಎರಡು ಸಲ ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿತ್ತು, ಅಷ್ಟೆ. ಮೂರನೆಯದು ಒಂದು ಭಾನುವಾರ ಮಧ್ಯಾಹ್ನ, ಹಗರಿಬೊಮ್ಮನಹಳ್ಳಿಯ ಆಚೆಗಿನ ಕೆರೆ ಏರಿಯ ಮೇಲೆ, ಗೂಡ್ಸ್ ಗಾಡಿ ಓಡಿಸುವ ನನ್ನ ಗೆಳೆಯನ ಜೊತೆ. ಆಗ ನನಗೆ ಇಪ್ಪತ್ತಾರು. ಕೊಟ್ಟೂರಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಕುರಿ ಕಾಯುವ ನಮ್ಮ ಮನೆತನದಲ್ಲಿ ತಿಂಗಳ ಸಂಬಳ ಕಂಡ ಮೊದಲಿಗ ನಾನೇ. ಆ ಕೊಬ್ಬೂ ಸ್ವಲ್ಪ ಇತ್ತು.

ಅವತ್ತು ನಗು ಬರಲಿಲ್ಲ. ಎದೆ ಹೊಡೆದುಕೊಳ್ಳತೊಡಗಿತು, ಅಂಗೈ ತಣ್ಣಗಾಯಿತು. ತಲೆ ಎತ್ತಿ ನೋಡಿದೆ. ಕೆರೆ ಇದ್ದಲ್ಲೇ ಇತ್ತು, ಜಾಲಿ ಗಿಡಗಳು ಇದ್ದಲ್ಲೇ ಇದ್ದವು. ಆದರೆ ಯಾರೋ ಅವನ್ನೆಲ್ಲ ಎತ್ತಿ ಒಯ್ದು, ಅಂಥವೇ ಬೇರೆಯವನ್ನು ತಂದು ಇಟ್ಟುಹೋಗಿದ್ದರು. ಒಂದೇ ಒಂದು ಎಲೆಯೂ ಆಚೀಚೆ ಆಗಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು.

"ಲೇ, ನೀನು ನೀನ ಅದೀಯೇನು?" ಎಂದು ಗೆಳೆಯನನ್ನು ಕೇಳಿದೆ. ಅವನು ಬಿದ್ದು ಬಿದ್ದು ನಕ್ಕ. ಅವನ ಬಾಯಿ ಮೊದಲು ತೆರೆಯಿತು, ನಗುವಿನ ಸದ್ದು ಆಮೇಲೆ ಬಂತು. ನನ್ನ ಮುಖ ನೋಡಿ ಅವನಿಗೂ ಭಯವಾಗಿರಬೇಕು, ಬೈಕಿನ ಹಿಂದೆ ಕೂರಿಸಿಕೊಂಡು ಉಜ್ಜಿನಿ ದಾರಿ ಹಿಡಿದು ನಮ್ಮೂರಿಗೆ ತಂದು, ಮನೆ ಮುಂದೆ ಇಳಿಸಿ, ಹಿಂದೆ ನೋಡದೆ ಹೋಗಿಬಿಟ್ಟ. ಅಂಥ ಧೈರ್ಯವಂತ.

ಅಪ್ಪ ಕುರಿ ಹಿಂಡಿನೊಂದಿಗೆ ದೂರದ ಹೊಲಗಳಿಗೆ ಹೋಗಿದ್ದ. ಅಂಗಳದಲ್ಲಿ ದೊಡ್ಡಪ್ಪ ಇನ್ನಿಬ್ಬರು ಹಿರಿಯರ ಜೊತೆ ಕೂತಿದ್ದ. ಅವ್ವ ಚೊಂಬಿನಲ್ಲಿ ನೀರು ತಂದಳು. ಅವಳನ್ನು ನೋಡಿದೆ. ಅದೇ ಮೂಗುತಿ, ಅದೇ ಹಣೆಯ ಮೇಲಿನ ಹಳೆ ಗಾಯದ ಗೆರೆ, ಅದೇ ಸೀರೆ. ಎಲ್ಲ ಸರಿ ಇತ್ತು, ಅವ್ವ ಮಾತ್ರ ಇರಲಿಲ್ಲ. ಅವ್ವನ ಮುಖ ತೊಟ್ಟ ಯಾರೋ ಒಬ್ಬಳು ನನ್ನ ಕಡೆ ನೀರು ಚಾಚಿ ನಿಂತಿದ್ದಳು.

"ನೀ ಯಾರು? ನೀ ನಮ್ಮವ್ವ ಅಲ್ಲ," ಎಂದೆ. ಮೈಯೆಲ್ಲ ಗಡಗಡ ನಡುಗಿ ಮೊಣಕಾಲೂರಿ ಕುಸಿದೆ.

ಇಲ್ಲಿ ನಮ್ಮ ಮನೆಯ ಒಂದು ಮಾತು ಹೇಳಬೇಕು. ನನ್ನ ಮುತ್ತಜ್ಜ ಗೊರವಪ್ಪನಾಗಿದ್ದ. ಕರಿ ಕಂಬಳಿಯ ಅಂಗಿ ತೊಟ್ಟು, ಡಮರು ಬಾರಿಸುತ್ತ, ಕಂಡವರ ಹಣೆಗೆ ಅರಿಶಿನದ ಭಂಡಾರ ಹಚ್ಚುತ್ತ ಊರೂರು ತಿರುಗುವ, ಗುಡ್ಡದ ಸ್ವಾಮಿಯ ಆಳು. ತಲೆಮಾರಿಗೊಬ್ಬ ಮಗನನ್ನು ಹಾಗೆ ದೇವರಿಗೆ ಬಿಡಬೇಕೆಂಬುದು ಮನೆಯ ಹರಕೆ. ಅಜ್ಜ ತಪ್ಪಿಸಿಕೊಂಡ, ಅಪ್ಪನೂ ತಪ್ಪಿಸಿಕೊಂಡ. ನನಗಿಂತ ಮೊದಲು ಅವ್ವನಿಗೆ ಎರಡು ಕೂಸು ಹುಟ್ಟಿ ಉಳಿಯಲಿಲ್ಲ. ಹರಕೆ ತಪ್ಪಿದ್ದಕ್ಕೇ ಹೀಗಾಯಿತು ಎಂದು ಊರು ಆಡಿಕೊಂಡಿತು. ತಪ್ಪಿಸಿಕೊಂಡವರು ಗಂಡಸರು, ಊರಿನ ಮಾತು ಕೇಳಬೇಕಾದವಳು ಅವ್ವ. ಈ ಸಿಟ್ಟು ನನಗೆ ಈಗಲೂ ಹೋಗಿಲ್ಲ.

ಆದ್ದರಿಂದ ನಾನು ಅಂಗಳದಲ್ಲಿ ನಡುಗುತ್ತ ಹೆತ್ತವಳನ್ನೇ ಯಾರೆಂದು ಕೇಳಿದಾಗ, ಅಲ್ಲಿದ್ದ ಯಾರಿಗೂ ಗಾಂಜಾ ನೆನಪಾಗಲಿಲ್ಲ. ದೊಡ್ಡಪ್ಪ ಪೇಟ ಸರಿಮಾಡಿಕೊಂಡು ಎದುರಿಗೆ ಬಂದು ಕೂತ. ಮೈಮೇಲೆ ಬಂದ ದೇವರನ್ನು ಕೇಳುವ ಕ್ರಮದಲ್ಲೇ ಕೇಳಿದ: "ಯಾರಪ್ಪಾ ನೀನು? ಎಲ್ಲಿಂದ ಬಂದೀದಿ?"

"ನಾ ಇಲ್ಲಿ ಇಲ್ಲ. ನಾ ಬಾಳ ದೂರ ಅದೀನಿ," ಎಂದೆ. ನನಗೆ ಆಗುತ್ತಿದ್ದದ್ದೇ ಅದು, ಇದ್ದದ್ದನ್ನು ಇದ್ದಂಗೇ ಹೇಳಿದೆ.

ದೊಡ್ಡಪ್ಪ ಉಳಿದಿಬ್ಬರ ಕಡೆ ತಿರುಗಿದ. "ಕೇಳಿದ್ರೇನು? ದೂರ ಅದೀನಿ ಅಂತಾನ. ಗುಡ್ಡದ ಸ್ವಾಮಿ." ಒಳಗಿನಿಂದ ಭಂಡಾರ ತಂದು ನನ್ನ ಹಣೆಗೆ ಬಳಿದರು. ಅವ್ವ ಅಳುತ್ತಿದ್ದಳು. ಅದು ದುಃಖದ ಅಳುವಲ್ಲ ಎಂದು ನನಗೆ ಅಷ್ಟು ದೂರದಿಂದಲೂ ತಿಳಿಯಿತು.

ಸೇದಿದ್ದು ಇಳಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಇಳಿಯಿತು, ಸರಿಹೋಗಲಿಲ್ಲ. ಮರುದಿನ ಬೆಳಿಗ್ಗೆ ಎದ್ದಾಗಲೂ ಗೋಡೆ ಗೋಡೆಯ ಹಾಗಿರಲಿಲ್ಲ. ಮಾತುಗಳು ಗಡಿಗೆಯೊಳಗಿಂದ ಬಂದಂತೆ ಕೇಳುತ್ತಿದ್ದವು. ಕನ್ನಡಿಯಲ್ಲಿ ನನ್ನ ಮುಖ ಕಂಡರೆ ಅದು ನನ್ನನ್ನು ಎಲ್ಲೋ ನೋಡಿದವರ ಹಾಗೆ ನೋಡುತ್ತಿತ್ತು. ಲ್ಯಾಬಿಗೆ ಹೋದೆ. ಒಬ್ಬರ ತೋಳಿಗೆ ಪಟ್ಟಿ ಕಟ್ಟಿ ಸೂಜಿ ಹಿಡಿದೆ. ಸೂಜಿ ಹಿಡಿದ ಕೈ ಯಾರದು ಎಂಬ ಯೋಚನೆ ಬಂತು. ಬೆರಳು ಮಡಿಚಿ ನೋಡಿದೆ, ಮಡಿಚಿದವು. ಆದರೂ ಕೈ ನನ್ನದಾಗಲಿಲ್ಲ. ತಲೆಸುತ್ತು ಎಂದು ಸುಳ್ಳು ಹೇಳಿ ಹೊರಗೆ ಬಂದು, ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತು, ಹೋಗಿ ಬರುವವರಲ್ಲಿ ಒಬ್ಬರಾದರೂ ನಿಜವಿದ್ದಾರೆಯೇ ಎಂದು ಹುಡುಕಿದೆ. ಹುಚ್ಚು ಹಿಡಿಯುತ್ತಿದೆ ಎಂದು ಖಾತ್ರಿಯಾಗಿ ಬೆವರಿಳಿಯಿತು.

ಎರಡನೆಯ ಭಾನುವಾರ ಜನ ಬಂದರು. ಸುದ್ದಿಗೆ ಕಾಲು ಜಾಸ್ತಿ. ನನ್ನನ್ನು ಕಂಬಳಿಯ ಮೇಲೆ ಕೂರಿಸಿದರು. ನಾನು ಬೇಡ ಎಂದರೆ ದೊಡ್ಡಪ್ಪ, "ಸ್ವಾಮಿ ಮೊದಮೊದಲು ಹಂಗ ಅಂತಾನ, ನೀವು ಕೇಳ್ರಿ," ಎನ್ನುತ್ತಿದ್ದ. ಹಿರೇಹಡಗಲಿ ಕಡೆಯ ಒಬ್ಬಳು ಹೆಂಗಸು ಕಳೆದುಹೋದ ಕುರಿಯ ಬಗ್ಗೆ ಕೇಳಿದಳು. ಅವಳು ಎದ್ದು ಹೋದರೆ ಸಾಕೆಂದು, ಬಾಯಿಗೆ ಬಂದಂತೆ, "ಹಾಳುಬಾವಿ ಕಡಿ ನೋಡ್ರಿ," ಎಂದೆ. ಮೂರನೆಯ ಭಾನುವಾರ ಅವಳು ತೆಂಗಿನಕಾಯಿ ಹಿಡಿದು ವಾಪಸು ಬಂದಳು. ಕುರಿ ಹಾಳುಬಾವಿಯ ಹತ್ತಿರವೇ ಸಿಕ್ಕಿತ್ತು.

ಅವತ್ತು ನಾನು ಹೆದರಿದಷ್ಟು ಕೆರೆ ಏರಿಯ ಮೇಲೂ ಹೆದರಿರಲಿಲ್ಲ. ನಮ್ಮ ಸೀಮೆಯಲ್ಲಿ ತಪ್ಪಿಸಿಕೊಂಡ ಕುರಿ ಬಾವಿ ಕಡೆಗಲ್ಲದೆ ಇನ್ನೆಲ್ಲಿಗೆ ಹೋದೀತು ಎಂದು ಬುದ್ಧಿ ಹೇಳುತ್ತಿತ್ತು. ಆದರೆ ಆ ಮಾತು ಆಡಿದ್ದು ನಾನೋ, ನನ್ನೊಳಗೆ ಬಂದು ಕೂತ ಇನ್ನೊಬ್ಬನೋ ಎಂದು ಮನಸ್ಸಿನ ಒಂದು ಮೂಲೆ ಕೇಳತೊಡಗಿತು. ಎದುರಿಗೆ ಇಪ್ಪತ್ತು ಜನ ಕೈಮುಗಿದು ಕೂತಿದ್ದರು. ನೀನು ನೀನಲ್ಲ ಎಂದು ಇಷ್ಟು ಜನ ಒಟ್ಟಿಗೆ ಒಪ್ಪಿಕೊಂಡ ಮೇಲೆ, ನಾನು ನಾನೇ ಎಂದು ಹೇಳಲು ಸಾಕ್ಷಿ ಯಾರು? ಅವ್ವ ಬಾಗಿಲ ಹತ್ತಿರ ನಿಂತು, ಮಗನನ್ನು ನೋಡುವಂತಲ್ಲ, ಗುಡಿಯ ಮೂರ್ತಿಯನ್ನು ನೋಡುವಂತೆ ನನ್ನನ್ನು ನೋಡುತ್ತಿದ್ದಳು. ಮುಂದಿನ ಭಾನುವಾರವೇ ಗೊರವಪ್ಪನ ದೀಕ್ಷೆ ಎಂದು ದೊಡ್ಡಪ್ಪ ಸಾರಿದ. ಆಮೇಲೆ ಲ್ಯಾಬ್ ಇಲ್ಲ, ಸಂಬಳವಿಲ್ಲ. ಈ ದೂರದಲ್ಲೇ ಕಂಬಳಿ ತೊಟ್ಟು ಜೀವ ಸವೆಸುವುದು.

ಬುಧವಾರ ಯಾರಿಗೂ ಹೇಳದೆ ಹರಪನಹಳ್ಳಿ ಬಸ್ ಹತ್ತಿದೆ. ಪರಿಚಯದವರು ಸಿಗಬಾರದೆಂದು ಅಷ್ಟು ದೂರ. ಅಲ್ಲಿ ಒಬ್ಬ ವೈದ್ಯೆ, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ನಾನು ಹೇಳಿದ್ದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು.

"ಇದು ಶುರುವಾಗೋ ಮೊದ್ಲು ಏನಾದ್ರು ಸೇದಿದ್ರಾ?"

ಆ ಮೂರು ಭಾನುವಾರಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಹೌದು ಎಂದು ತಲೆಯಾಡಿಸಿದೆ. ಅವರು ಬೈಯಲಿಲ್ಲ. ಇದು ಹುಚ್ಚಲ್ಲ, ಹೆದರಿಕೆ ಅತಿಯಾದಾಗ ಮನಸ್ಸು ಹೀಗೆ ದೂರ ಸರಿದು ನಿಲ್ಲುತ್ತದೆ, ಕೆಲವರಿಗೆ ಗಾಂಜಾದಿಂದ ಶುರುವಾಗುತ್ತದೆ, ನಿಧಾನವಾಗಿ ಹೋಗುತ್ತದೆ ಎಂದರು. ಮತ್ತೆ ಅದನ್ನು ಮುಟ್ಟಬಾರದು, ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಕೆಲಸ. ಒಂದಿಷ್ಟು ಮಾತ್ರೆ ಬರೆದರು. "ನಿಜಾನಾ ಸುಳ್ಳಾ ಅಂತ ಗಳಿಗೆಗೊಂದ್ಸಲ ಪರೀಕ್ಷೆ ಮಾಡ್ಕೋಬೇಡಿ. ಗಾಯ ಕೆರ್ಕೊಂಡಂಗೆ ಅದು, ಮಾಯೋದಿಲ್ಲ. ಮನೇಲಿ ಹೇಳಿದೀರಾ?"

ಇಲ್ಲ ಎಂದೆ. ಹೇಳಿ ಎಂದರು.

ಮನೆಗೆ ಬಂದಾಗ ಅವ್ವ ಜಗಲಿಯ ಮೇಲೆ ಕೂತು, ನನ್ನ ದೀಕ್ಷೆಗೆಂದು ಭಂಡಾರದ ಚೀಲ ಹೊಲಿಯುತ್ತಿದ್ದಳು. ಅವಳ ಮುಖ ನೋಡದೆ, ಸೂಜಿಯನ್ನೇ ನೋಡುತ್ತ ಎಲ್ಲ ಹೇಳಿದೆ. ಕೆರೆ ಏರಿ, ಗೆಳೆಯ, ಮೂರು ಸಲ, ವೈದ್ಯೆ. ದೇವರು ಬಂದಿರಲಿಲ್ಲ ಅವ್ವ, ನಾ ಗಾಂಜಾ ಸೇದಿದ್ದೆ ಎಂದೆ. ಹೊಡೆಯಲಿ ಎಂದು ಕಾಯ್ದೆ. ಸೂಜಿ ಇನ್ನೂ ನಾಲ್ಕೈದು ಹೊಲಿಗೆ ಹಾಕಿ ನಿಂತಿತು.

"ಹಂಗಾದ್ರ ಅವತ್ತು ನನ್ನ ಗುರುತು ಹತ್ತದಿದ್ದದ್ದು ನಿನಗ ಏನು, ದೇವ್ರಿಗಲ್ಲ?" ಎಂದಳು.

ವೈದ್ಯೆ ಬರೆದುಕೊಟ್ಟ ಮಾತ್ರೆಯ ಚೀಟಿ ತೆಗೆದು ಅವಳ ಮುಂದಿಟ್ಟೆ.

"ನೋಡಿದ್ದು ದೇವ್ರು, ಅವಗ ನಾ ಎಲ್ಲಿ ಗುರುತು ಅಂತ ಸಮಾಧಾನ ಮಾಡ್ಕೊಂಡಿದ್ದೆ," ಎಂದಳು. ಆಮೇಲೆ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ, ಬಟ್ಟೆಯನ್ನು ಮಡಿಚಿ ಒಳಗಿಟ್ಟಳು.

ದೊಡ್ಡಪ್ಪ ಕೂಗಾಡಿದ. ಸ್ವಾಮಿಯ ಹೆಸರು ಕೆಡಿಸಿದಿ, ಕುರಿ ಹೆಂಗ ಸಿಕ್ತು ಹಂಗಾದ್ರ ಎಂದ. ಅವ್ವ ಬಾಗಿಲಲ್ಲಿ ನಿಂತು, "ನನ್ನ ಮಗಗ ಆರಾಮಿಲ್ಲ. ಕಂಬಳಿ ತಗೊಂಡು ನಡೀರಿ," ಎಂದಳು. ಮದುವೆಯಾಗಿ ಬಂದಾಗಿನಿಂದ ಅವನೆದುರು ಅವಳು ಎತ್ತರದ ದನಿಯಲ್ಲಿ ಮಾತಾಡಿದ್ದು ಅದೊಂದೇ ಸಲ.

ಗುಣವಾಗುವುದು ಇಂಥ ದಿನ ಎಂದು ಬರಲಿಲ್ಲ. ಲ್ಯಾಬಿಗೆ ಮತ್ತೆ ಹೋದೆ. ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ ಎಂದು ಕೆಲಸ ಮಾಡುತ್ತಲೇ ಇದ್ದೆ. ಒಂದು ಸಲ ಕೂಡ್ಲಿಗಿ ಬಸ್ಸಿನಲ್ಲಿ, ಕಿಟಕಿಯಾಚೆಯ ಗುಡ್ಡಗಳೆಲ್ಲ ಇದ್ದಕ್ಕಿದ್ದಂತೆ ಚಪ್ಪಟೆಯಾಗಿ ಕಂಡವು, ಇಳಿದು ರಸ್ತೆ ಬದಿಯಲ್ಲಿ ತಾಸುಗಟ್ಟಲೆ ನಿಂತಿದ್ದೆ. ಆಮೇಲೆ ಒಂದು ತಿಂಗಳು ಹಾಗೇನೂ ಆಗಲಿಲ್ಲ. ಒಂದು ದಿನ ಮಧ್ಯಾಹ್ನ ರೊಟ್ಟಿ ತಿನ್ನುವಾಗ, ಬೆಳಿಗ್ಗೆಯಿಂದ ಹನ್ನೊಂದು ಜನರ ರಕ್ತ ತೆಗೆದರೂ ನನ್ನ ಕೈಯನ್ನು ಒಮ್ಮೆಯೂ ನೋಡಿಕೊಂಡಿಲ್ಲ ಎಂದು ಹೊಳೆಯಿತು. ಖಾರ ಚುರುಚುರು ಎನ್ನುತ್ತಿತ್ತು. ಕಣ್ಣೀರು ಬಂತು, ಪಕ್ಕದವರು ಮೆಣಸಿನಕಾಯಿಗೆ ಬೈದರು. ಆ ಸಂಜೆ ಮನೆಗೆ ಹೋದಾಗ ಒಲೆ ಮುಂದೆ ಕೂತಿದ್ದವಳು ಅವ್ವನೇ ಆಗಿದ್ದಳು, ಬೇರೆ ಯಾರೂ ಅಲ್ಲ.

ಈಗ ಎರಡು ವರ್ಷವಾಯಿತು. ನಾನು ಪರೀಕ್ಷೆ ಮಾಡುವುದನ್ನು ಬಿಟ್ಟೆ, ಅವ್ವ ಶುರುಮಾಡಿದಳು. ದಿನಾ ಬೆಳಿಗ್ಗೆ ಚಹದ ಲೋಟ ಕೈಯಲ್ಲಿ ಹಿಡಿದು, ಕೊಡುವ ಮೊದಲು, "ನಾ ಯಾರು ಹೇಳು," ಎನ್ನುತ್ತಾಳೆ. "ಅವ್ವ," ಎನ್ನುತ್ತೇನೆ. ಲೋಟ ಕೊಡುತ್ತಾಳೆ. ಮೊದಮೊದಲು ಬೇಸರವಾಗುತ್ತಿತ್ತು, ಆಮೇಲೆ ರೂಢಿಯಾಯಿತು.

ಮೊನ್ನೆ ನನಗೆ ಎಲ್ಲಿಲ್ಲದ ಹುಡುಗಾಟ ಬಂತು. ಅವಳು ಕೇಳಿದಾಗ ಉತ್ತರ ಕೊಡದೆ ಸುಮ್ಮನೆ ಅವಳ ಮುಖ ನೋಡುತ್ತ ನಿಂತೆ. ಎರಡು ಉಸಿರಿನಷ್ಟು ಹೊತ್ತು, ಹೆಚ್ಚಿಲ್ಲ. ಅವಳು ಅಳಲಿಲ್ಲ, ಕೂಗಲಿಲ್ಲ. ಲೋಟವನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಪರಸ್ಥಳದವರಿಗೆ ದಾರಿ ಹೇಳುವಷ್ಟು ನಿಧಾನವಾಗಿ ಶುರುಮಾಡಿದಳು.

"ನಾ ತೆಲಿಗಿ ಕಡಿಯಾಕಿ. ಈ ಮನಿಗೆ ಸೊಸಿಯಾಗಿ ಬಂದೀನಿ. ನನಗ ಮೂರು ಕೂಸು ಹುಟ್ಟಿದ್ವು. ಎರಡು ಹೋದ್ವು. ನೀ ಮೂರನೇದವ. ನೀ ಹುಟ್ಟಿದಾಗ ಅಳಲಿಲ್ಲ, ಬೆನ್ನಿಗೆ ಹೊಡದು ಅಳಿಸಿದ್ವಿ..."

ಒಂದು ಮಾತಿಗೂ ಅವಳು ತಡವರಿಸಲಿಲ್ಲ. ಎರಡು ವರ್ಷದಿಂದ ಇದನ್ನು ಮನಸ್ಸಿನಲ್ಲಿ ಸಾಲಾಗಿ ಜೋಡಿಸಿ ಇಟ್ಟುಕೊಂಡಿದ್ದಾಳೆ ಎಂದು ಆಗ ತಿಳಿಯಿತು. ಅವ್ವ, ಅವ್ವ, ತಮಾಷಿ ಮಾಡಿದೆ ಎಂದು ಅವಳ ಎರಡೂ ಕೈ ಹಿಡಿದುಕೊಂಡೆ. ಅವಳು ನಿಲ್ಲಿಸಲಿಲ್ಲ, ಕೊನೆಯವರೆಗೂ ಹೇಳಿ ಮುಗಿಸಿದಳು.