ಲಿಲಾವಿಗೆ ಹಾಕಿದ ತೊಟ್ಟಿಲು

ನನಗೆ ಮಾರುವುದಕ್ಕೆ ಬರುವುದಿಲ್ಲ. ಕೊಳ್ಳುವುದಕ್ಕೂ ಬರುವುದಿಲ್ಲ, ಆದರೆ ಅದು ಮುದ್ದೇಬಿಹಾಳದ ಸಂತೆಗೆಲ್ಲ ಗೊತ್ತಿರುವುದರಿಂದ ಹೊಸದಾಗಿ ಹೇಳಬೇಕಾಗಿಲ್ಲ. ನಾನು ಚೀಲ ಹಿಡಿದು ಬರುವುದನ್ನು ಕಂಡರೆ ಕಾಯಿಪಲ್ಲೆಯವರ ಮುಖ ಅರಳುತ್ತದೆ. ಹೇಳಿದ ಬೆಲೆ ಕೊಟ್ಟು, ಮೇಲೆ 'ಬರ್ಲೇನ್ರಿ?' ಎಂದು ಅಪ್ಪಣೆಯನ್ನೂ ಕೇಳಿ ಹೊರಡುವ ಗಿರಾಕಿ ನಾನು. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಸಾಮ್ರಾಜ್ಯಗಳು ಹೇಗೆ ಬಿದ್ದವೆಂದು ಹೇಳಬಲ್ಲೆ, ಬದನೆಕಾಯಿಯ ಬೆಲೆ ಬೀಳಿಸಲಾರೆ. ಇಂಥ ನಾನು ಈಚೆಗೆ ಮೊಬೈಲಿನಲ್ಲಿ ಒಂದು ತೊಟ್ಟಿಲನ್ನು ಲಿಲಾವಿಗೆ ಹಾಕಿದೆ.

ಲಿಲಾವು ಎಂಬ ಮಾತು ಕೇಳಿ ದಕ್ಷಿಣದ ಕಡೆಯವರು ಹುಬ್ಬೇರಿಸಬಹುದು. ಅವರು ಹರಾಜು ಅನ್ನುತ್ತಾರೆ. ಅದು ಅರಬರ ಮಾತು. ನಮ್ಮ ಲಿಲಾವು ಪೋರ್ಚುಗೀಸರ ಹಡಗಿನಲ್ಲಿ ಬಂದು, ಗೋವೆಯಲ್ಲಿ ಇಳಿದು, ಮರಾಠಿಯ ಕೈ ಹಿಡಿದು ನಮ್ಮ ತನಕ ನಡೆದು ಬಂದದ್ದು. ಅಂದರೆ ಹತ್ತು ಜನರ ನಡುವೆ ನಿಂತು ಬೆಲೆ ಕೂಗುವುದು ನಮ್ಮ ಹಳೆಯ ರೂಢಿಯಲ್ಲವೇನೋ ಎಂದು ನನ್ನ ಅನುಮಾನ. ನಮ್ಮ ದನದ ಸಂತೆಯಲ್ಲಿ ದಲಾಲ ಕೈಮೇಲೆ ಟವೆಲ್ ಹೊದಿಸಿ, ಅದರ ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಸುತ್ತ ನಿಂತವರಿಗೆ ಕಾಣುವುದು ಟವೆಲ್ ಅಷ್ಟೇ. ಆದರೆ ಒಳಗಿನ ಇಬ್ಬರಿಗೂ ಎದುರಿನವನ ಕೈ ನಡುಗಿದ್ದು, ಬೆವತದ್ದು ಗೊತ್ತಾಗುತ್ತದೆ. ಮೊಬೈಲಿನ ಲಿಲಾವಿನಲ್ಲಿ ಬೆಲೆ ಲೋಕಕ್ಕೆಲ್ಲ ಕಾಣುತ್ತದೆ, ಕೈ ಮಾತ್ರ ಯಾರಿಗೂ ಸಿಗುವುದಿಲ್ಲ. ಇಷ್ಟೆಲ್ಲ ವಿವೇಕ ನನಗೆ ಆಮೇಲೆ ಬಂದದ್ದು. ಜಾಹೀರಾತು ಹಾಕುವಾಗ ಇರಲಿಲ್ಲ.

ತೊಟ್ಟಿಲು ನನ್ನ ಹೆಂಡತಿ ಕಸ್ತೂರಿಯ ತವರಿನದು. ಮಗಳು ಬಸುರಿ ಎಂದು ತಿಳಿದ ಕೂಡಲೇ ಅಗರಖೇಡದ ನನ್ನ ಮಾವ ಬಡಿಗೇರರನ್ನು ಕರೆಸಿದರು. ಸಾಗವಾನಿ ಕಟ್ಟಿಗೆ, ಮೂಲೆಗೊಂದು ಕೆತ್ತಿದ ಗಿಳಿ. ನಮ್ಮ ಕಡೆ ತವರಿನಿಂದ ತೊಟ್ಟಿಲು ಬರುವುದು ಕೂಸು ಹುಟ್ಟಿ, ಬಾಣಂತನ ಮುಗಿದು, ಮಗಳು ಗಂಡನ ಮನೆಗೆ ಹೊರಡುವಾಗ. ಅದಕ್ಕೂ ಮೊದಲು ತೊಟ್ಟಿಲಿರಲಿ, ಕೂಸಿಗೆ ತೊಡಿಸುವ ಒಂದು ಝಬಲಾವನ್ನೂ ಮನೆಯೊಳಗೆ ತರುವುದಿಲ್ಲ. ಮಾವನವರಿಗೆ ಅಷ್ಟು ದಿನ ತಡೆಯುವುದಾಗಲಿಲ್ಲ. ಬಸ್ಸಿನ ಟಪ್ಪಿನ ಮೇಲೆ ಕಟ್ಟಿಸಿಕೊಂಡು ಬಂದು, ನಮ್ಮ ಪಡಸಾಲೆಯಲ್ಲಿ ಇಳಿಸಿ, ಖುಷಿಗೆ ಖಾಲಿ ತೊಟ್ಟಿಲನ್ನೇ ಒಂದು ಸಲ ತೂಗಿಬಿಟ್ಟರು. ನನ್ನ ಅವ್ವ ಅಡುಗೆಮನೆಯಿಂದ ಓಡಿ ಬಂದು ಕೈಯಿಂದ ಹಿಡಿದು ನಿಲ್ಲಿಸಿದಳು.

ಕೂಸು ಹುಟ್ಟಿತು. ಹೆಣ್ಣು. ಅಳಲಿಲ್ಲ. ಡಾಕ್ಟರು ಕಾರಣ ಹೇಳಿದರು; ಅದಕ್ಕೂ ತೊಟ್ಟಿಲಿಗೂ ಯಾವ ಸಂಬಂಧವೂ ಇರಲಿಲ್ಲ. ಕಸ್ತೂರಿ ಕೇಳಿಸಿಕೊಂಡು ತಲೆಯಾಡಿಸಿದಳು. ನಮಗೆ ಮತ್ತೆ ಮಕ್ಕಳಾಗಲಿಲ್ಲ.

ನಮ್ಮ ಮನೆಯ ಸಾಮಾನು ಅರ್ಧ ಓಣಿಯಲ್ಲೇ ಇರುತ್ತದೆ. ಏಣಿ ಒಯ್ಯುತ್ತಾರೆ, ಶಾವಿಗೆ ಮಣೆ ಒಯ್ಯುತ್ತಾರೆ, ಮದುವೆ ಬಂದರೆ ದೊಡ್ಡ ಬೋಗುಣಿ ಒಯ್ಯುತ್ತಾರೆ, ಒಯ್ದದ್ದನ್ನು ಮರೆಯುತ್ತಾರೆ ಕೂಡ. ತೊಟ್ಟಿಲನ್ನು ಮಾತ್ರ ಯಾರೂ ಕೇಳಲಿಲ್ಲ. ಒಮ್ಮೆ ಪಕ್ಕದ ಮನೆಯ ಸೊಸೆ ಹಡೆದಾಗ ಕಸ್ತೂರಿ ತಾನಾಗಿಯೇ ಹೋಗಿ, ಒಯ್ಯಿರಿ ಎಂದಳು. 'ನಮ್ಮನ್ಯಾಗ ಐತ್ರಿ' ಎಂದರು. ಮರುದಿನ ನೋಡಿದರೆ ಸೀರೆಯ ಜೋಳಿಗೆ ಕಟ್ಟಿದ್ದರು. ಅವರನ್ನು ಬಯ್ಯಲಾರೆ. ಕೂಸಿನ ವಿಷಯ ಬಂದಾಗ ಎಲ್ಲರೂ ಪುಕ್ಕಲರೇ. ಕಸ್ತೂರಿ ಗಿಳಿಗಳ ಧೂಳು ಒರೆಸುವುದನ್ನು ಮಾತ್ರ ಬಿಡಲಿಲ್ಲ.

ಒಂದು ದಿನ ಹಾಗೆ ಒರೆಸುತ್ತಲೇ ಹೇಳಿದಳು: "ನಾವು ಇರೂತನಕ ಇದು ಒಂದ್ ಸಲರೆ ಕೂಸಿನ ಕೂಡ ತೂಗಬೇಕ್ರಿ. ಈ ಊರಾಗ ಯಾರೂ ಒಯ್ಯೂದಿಲ್ಲ. ನಮ್ಮ ಕಥಿ ಗೊತ್ತಿಲ್ಲದವರಿಗೆ ಕೊಡೋಣು."

ಪುಕ್ಕಟೆ ಕೊಡುತ್ತೇವೆಂದರೆ ಜನ ಅನುಮಾನ ಪಡುತ್ತಾರೆ. ಅದಕ್ಕೇ ಲಿಲಾವು. ಫೋಟೋ ಹಾಕಿದ್ದಾಯಿತು, ಗಿಳಿಗಳನ್ನು ವರ್ಣಿಸಿದ್ದಾಯಿತು. ಕೊನೆಗೆ ಮೊಬೈಲು ಒಂದು ಪ್ರಶ್ನೆ ಕೇಳಿತು: ಬಳಸಿದ್ದೋ, ಬಳಸಿಲ್ಲವೋ? ನಾನು ಕಸ್ತೂರಿಯ ಮುಖ ನೋಡಿದೆ. "ಬಳಸಿಲ್ಲ ಅಂತ ಒತ್ರಿ. ಖರೇನ ಐತೆಲ್ಲ" ಎಂದು ಒಳಗೆ ಹೋದಳು.

ಒಂದೆರಡು ಸಣ್ಣ ಕೂಗು ಬಂದವು. ಆಮೇಲೆ ಒಬ್ಬ ಎಲ್ಲರನ್ನೂ ಹಿಂದೆ ಹಾಕಿ ನಾವು ಕೇಳಿದ್ದಕ್ಕಿಂತ ಹೆಚ್ಚಿಗೇ ಕೂಗಿದ. ಕೂಗಿ ಸುಮ್ಮನಿರದೆ ಫೋನೂ ಮಾಡಿದ.

"ಸರ್, ನಾನು ನಿಡಗುಂದಿಯವನು. ಮುಂದಿನ ತಿಂಗಳು ನನ್ನ ಮಗಳಿಗೆ ಹೆರಿಗೆ ಇದೆ. ತೊಟ್ಟಿಲು ತುಂಬಾ ಚೆನ್ನಾಗಿದೆ. ನಾಳೆಯೇ ಗಾಡಿ ಕಳುಹಿಸುತ್ತೇನೆ, ಹಣ ಈಗಲೇ ಕಳುಹಿಸುತ್ತಿದ್ದೇನೆ."

ನಿಡಗುಂದಿಯ ಮನುಷ್ಯ ಒಂದು 'ಐತಿ' ಇಲ್ಲದೆ, ಒಂದು 'ರೀ' ಇಲ್ಲದೆ ಇಷ್ಟು ಹೊತ್ತು ಮಾತಾಡುವುದು ಸಾಧ್ಯವೇ ಎಂದು ನನಗೆ ಅನಿಸಬೇಕಿತ್ತು. ಅನಿಸಲಿಲ್ಲ. ಬದಲಿಗೆ, ಎಷ್ಟು ಶುದ್ಧವಾದ ಕನ್ನಡ, ಯಾರೋ ಒಳ್ಳೆಯ ಮೇಷ್ಟರ ಕೈಯಲ್ಲಿ ಕಲಿತವನಿರಬೇಕು ಎಂದು ಸಂತೋಷಪಟ್ಟೆ. ಅವನು ಮೊಬೈಲಿಗೆ ಒಂದು ಕ್ಯೂಆರ್ ಕೋಡ್ ಕಳಿಸಿದ. ಅದನ್ನು ಸ್ಕ್ಯಾನ್ ಮಾಡಿ ನನ್ನ ಪಿನ್ ಒತ್ತಿದರೆ ಹಣ ನನ್ನ ಖಾತೆಗೆ ಬಂದು ಬೀಳುತ್ತದಂತೆ. ನಾನು ವಿಧೇಯ ವಿದ್ಯಾರ್ಥಿಯಾಗಿ ಕನ್ನಡಕ ಏರಿಸಿ, ಮೊದಲ ಅಂಕಿಯನ್ನು ಒತ್ತಿಯೂ ಇದ್ದೆ.

"ತಡೀರಿ" ಎಂದಳು ಕಸ್ತೂರಿ. ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದಳು. ಮೊಬೈಲು ಇಸಕೊಂಡು ಕೇಳಿದಳು: "ಅಣ್ಣಾರ, ನಿಮ್ಮ ಮಗಳಿಗೆ ಇದು ಚೊಚ್ಚಲೇನ್ರಿ?"

"ಹಾಂ? ಹೌದು ಮೇಡಂ."

"ಹಂಗಾರ ನಾ ಈಗ ತೊಟ್ಟಲಾ ಕೊಡೂದಿಲ್ರಿ. ರೊಕ್ಕಾನೂ ಬ್ಯಾಡ. ಆಕಿ ಸುಸೂತ್ರ ಹಡೀಲಿ, ಕೂಸಿನ ಅಳು ನಿಮ್ಮ ಕಿವಿಗೆ ಬೀಳ್ಲಿ, ಆಮ್ಯಾಲ ಬರ್ರಿ. ನಿಮ್ಮ ಸಲುವಾಗಿ ಇಟ್ಟಿರ್ತೇನಿ, ಮತ್ತ್ಯಾರಿಗೂ ಕೊಡೂದಿಲ್ಲ."

ಅವನು ಬೆಲೆ ಏರಿಸಿದ. ಇವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮಗಳು ಸರಿಯಾಗಿ ಉಣ್ಣುತ್ತಾಳೋ, ಕಾಲು ಬಾತಿವೆಯೋ, ಡಾಕ್ಟರು ಏನಂದರು ಎಂದು ಒಂದರ ಹಿಂದೆ ಒಂದು ಕೇಳತೊಡಗಿದಳು. ಅವನು ಮತ್ತೆ ಪಿನ್ನಿನ ಮಾತು ತೆಗೆದ. "ಪಿನ್ ಇರ್ಲಿ ತಗೀರಿ. ಮಗಳ ಕೈಯಾಗ ಫೋನ್ ಕೊಡ್ರಿ, ನಾ ಒಂದ್ ಮಾತು ಆಕಿ ಕೂಡ ಮಾತಾಡ್ತೇನಿ" ಎಂದಳು. ಅತ್ತ ಫೋನು ಕಟ್ಟಾಯಿತು. ಮತ್ತೆ ಆ ನಂಬರಿನಿಂದ ಕರೆ ಬರಲಿಲ್ಲ. ಕಸ್ತೂರಿಯೇ ಎರಡು ಸಲ ಮಾಡಿದಳು, ಯಾರೂ ಎತ್ತಲಿಲ್ಲ.

ಮರುದಿನ ಬ್ಯಾಂಕಿಗೆ ಹೋದವನು ಅಲ್ಲಿಯ ಕೌಂಟರಿನ ಹೆಣ್ಣುಮಗಳಿಗೆ ಈ ಕಥೆ ಹೇಳಿದೆ. ಅವಳು ನೋಟಿನ ಕಟ್ಟು ಕೆಳಗಿಟ್ಟು ನನ್ನನ್ನೇ ನೋಡಿದಳು. "ಸರ, ರೊಕ್ಕ ಬರಾಕ ಪಿನ್ ಯಾಕ ಬೇಕ್ರಿ? ಪಿನ್ ಒತ್ತೂದು ಕೊಡೂ ಮುಂದ ಅಷ್ಟ. ಒತ್ತಿದ್ರ ನಿಮ್ಮ ಖಾತೆ ಬರಿದಾಗಿ ಬಿಡ್ತಿತ್ತು." ಇನ್ನೂ ಕೆಲವು ಬುದ್ಧಿಮಾತು ಹೇಳಿದಳು: ಸಾಮಾನು ಕಣ್ಣಿಲೆ ನೋಡದೆ ಹೊಗಳುವವನನ್ನು ನಂಬಬೇಡಿ, ಅವಸರ ಮಾಡುವವನಿದ್ದರೆ ನೀವು ಸಾವಕಾಶ ಮಾಡಿ, ಮನೆಗೆ ಬಂದು ನೋಡಿ ಒಯ್ಯಲಿ. ಮತ್ತೆ, ಚೌಕಾಸಿ ಮಾಡದವನು ಕೊಳ್ಳುವ ಗಿರಾಕಿಯೇ ಅಲ್ಲ. ಕೊನೆಯದು ಕೇಳಿ ನನಗೆ ತುಸು ನೋವಾಯಿತು.

ಮನೆಗೆ ಬಂದು ಕಸ್ತೂರಿಗೆ, ಅವನು ಕಳ್ಳ, ಮಗಳೂ ಇಲ್ಲ ಬಸುರೂ ಇಲ್ಲ ಎಂದೆ. ಖಾತೆ ಉಳಿದದ್ದಕ್ಕೆ ಹಿಗ್ಗುತ್ತಾಳೆಂದು ಎಣಿಸಿದ್ದೆ. ಅವಳು ನಿಟ್ಟುಸಿರು ಬಿಟ್ಟು, "ಸುಳ್ಳ ಇದ್ದದ್ದ ಚಲೋ ಆತು ಬಿಡ್ರಿ. ನನಗ ರಾತ್ರೆಲ್ಲ ಆ ಕೂಸಿಂದ ಚಿಂತಿ ಆಗಿತ್ತು" ಎಂದಳು. ನಮ್ಮನ್ನು ಉಳಿಸಿದ್ದು ಜಾಣತನ ಅಲ್ಲವೇ ಅಲ್ಲ. ಇಲ್ಲದ ಕೂಸಿನ ಮೇಲೆ ಅವಳಿಟ್ಟ ಕಾಳಜಿ. ಮೋಸಗಾರ ಎಲ್ಲ ಪ್ರಶ್ನೆಗೂ ಉತ್ತರ ಕಲಿತು ಬಂದಿದ್ದ. ಮಗಳು ಉಂಡಳೇ ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ಜಾಹೀರಾತು ನೋಡಿ ಗೊಳಸಂಗಿಯಿಂದ ಖತೀಜಾಬಿ ಎಂಬವರು ಬಂದರು. ಜೊತೆಗೆ ಸೊಸೆ, ಸೊಸೆಯ ಹೆಗಲ ಮೇಲೆ ತಲೆ ನಿಲ್ಲದ ಮೊಮ್ಮಗಳು. ಖತೀಜಾಬಿ ತೊಟ್ಟಿಲನ್ನು ಬಡಿದು ನೋಡಿದರು, ಗಿಳಿಯೊಂದರ ಕೊಕ್ಕು ಮುಕ್ಕಾಗಿದೆ ಎಂದರು, ಕಟ್ಟಿಗೆ ಸಾಗವಾನಿ ಅಲ್ಲವೇ ಅಲ್ಲ ಎಂದರು, ಇಷ್ಟು ಕೇಳೋದು ನ್ಯಾಯವೇನ್ರಿ ಎಂದು ನನ್ನನ್ನು ಗದರಿಸಿದರು. ನನಗೆ ಹಾಯೆನಿಸಿತು. ಖರೆ ಗಿರಾಕಿ!

ಬೆಲೆ ಇನ್ನೇನು ಕುದುರುವಷ್ಟರಲ್ಲಿ ಕಸ್ತೂರಿ ನಡುವೆ ಬಾಯಿ ಹಾಕಿದಳು. "ಅಕ್ಕಾರ, ಒಂದ್ ಮಾತು ಹೇಳದ ನಾ ಇದನ್ನ ಕೊಡಬಾರ್ದು. ಹೇಳದಿದ್ರ ನಮಗೂ ಆ ಫೋನಿನವಗೂ ಏನ್ ಫರಕ್ ಉಳೀತು?" ಖತೀಜಾಬಿಗೆ ಯಾವ ಫೋನಿನವ ಎಂದು ತಿಳಿಯಲಿಲ್ಲ. ಉಳಿದದ್ದೆಲ್ಲ ತಿಳಿಯಿತು. ಕಸ್ತೂರಿ ಎಲ್ಲವನ್ನೂ ಹೇಳಿದಳು: ಮೊದಲೇ ಬಂದ ತೊಟ್ಟಿಲು, ಅಳದ ಕೂಸು, ಯಾರೂ ಒಯ್ಯದ ಇಷ್ಟು ವರ್ಷ. ಹೇಳುವಾಗ ಗಿಳಿಯ ಮೇಲಿನ ಕೈ ತೆಗೆಯಲಿಲ್ಲ. ಸೊಸೆ ಕೂಸನ್ನು ಇನ್ನಷ್ಟು ಅವಚಿಕೊಂಡದ್ದನ್ನು ನಾನು ನೋಡಿದೆ. ಆಯಿತು, ಇವರೂ ಹೊರಟರು ಎಂದುಕೊಂಡೆ.

ಖತೀಜಾಬಿ ಸೊಸೆಯ ಕಡೆ ಕೈ ಚಾಚಿ ಕೂಸನ್ನು ಇಸಕೊಂಡರು.

"ಅಯ್ಯ ನಮ್ಮವ್ವಾ, ಅದರಾಗ ತೊಟ್ಟಲಾದ್ದು ಏನ್ ತಪ್ಪೈತಿ? ನಿಮ್ಮಂಗ ಅದೂ ಪಾಪ ಕೂಸಿನ ದಾರಿ ಕಾಯ್ಕೋತ ಕುಂತೇತಿ" ಎಂದು ಮೊಮ್ಮಗಳನ್ನು ಅದರಲ್ಲಿ ಮಲಗಿಸಿದರು. "ನೀವ ತೂಗ್ರಿ ಮೊದ್ಲ. ನಿಮ್ಮ ಕೈಲಿಂದ ಆಗ್ಲಿ."

ಕಸ್ತೂರಿ ತೂಗಿದಳು. ಕೂಸು ಮೊದಲು ಗಿಳಿಯನ್ನು ನೋಡಿತು, ಆಮೇಲೆ ಕಸ್ತೂರಿಯನ್ನು ನೋಡಿತು, ಆಮೇಲೆ ಬಾಯಿ ಸೊಟ್ಟ ಮಾಡಿ ಜೋರಾಗಿ ಅತ್ತಿತು. ನಮ್ಮ ಪಡಸಾಲೆಯಲ್ಲಿ ಅಂಥ ಸದ್ದು ಎಂದೂ ಆಗಿರಲಿಲ್ಲ. ಸೊಸೆ ಎತ್ತಿಕೊಳ್ಳಲು ಬಾಗಿದಳು. "ಇರ್ಲಿ ತಂಗಿ, ಒಂದ್ ಸ್ವಲ್ಪ ಅಳ್ಲಿ" ಎಂದಳು ಕಸ್ತೂರಿ, ಕಣ್ಣೀರು ಒರೆಸಿಕೊಳ್ಳದೆಯೇ ನಗುತ್ತಾ. ಅಷ್ಟರಲ್ಲಿ ಕೂಸು ತೊಟ್ಟಿಲು ಒದ್ದೆ ಮಾಡಿತು.

"ನೋಡ್ರಿ ಮಾಸ್ತರ್ರ" ಎಂದು ಖತೀಜಾಬಿ ಕೂಡಲೇ ನನ್ನತ್ತ ತಿರುಗಿದರು. "ಇನ್ನ ಇದು ಹಳೇ ಮಾಲು ಆತು. ಇನ್ನಷ್ಟ ಕಡಿಮಿ ಮಾಡ್ರಿ."

ಮಾಡಿದೆ. ಟೆಂಪೋ ಗೊಳಸಂಗಿಯ ದಾರಿ ಹಿಡಿದ ಮೇಲೆ ಲಿಲಾವಿನಿಂದ ಜಾಹೀರಾತು ತೆಗೆಯಲು ಮೊಬೈಲು ಹಿಡಿದು ಕೂತೆ. ಕಸ್ತೂರಿ ಪಕ್ಕಕ್ಕೆ ಬಂದು ಕೂತಳು. "ತೆಗೀಬ್ಯಾಡ್ರಿ, ಮೊದ್ಲ ಅದರಾಗಿನ ಸುಳ್ಳ ತಿದ್ದೋಣು" ಎಂದಳು. ನನ್ನ ಕನ್ನಡಕವನ್ನು ತಾನು ಹಾಕಿಕೊಂಡು, ಹುಡುಕಿ, ತನ್ನ ಬೆರಳಿನಿಂದಲೇ ಒತ್ತಿದಳು: ಬಳಸಿದ್ದು.